ಮಂಡಿ ನೋವಿಗೆ ಯಾವ ಪ್ರಶ್ನಾವಳಿ? ಜೀವನದ ಗುಣಮಟ್ಟ ಅಳೆಯುವವರಿಗೆ ಒಂದು ಹೋಲಿಕೆ

ಮಂಡಿ ಸವೆದವರ ಎಕ್ಸ್‌ರೇ ತೆಗೆದರೆ ಮೂಳೆಗಳ ನಡುವಿನ ಜಾಗ ಎಷ್ಟು ಕಡಿಮೆಯಾಗಿದೆ ಅಂತ ಗೊತ್ತಾಗುತ್ತದೆ. ಅವರು ಬಸ್ ಹತ್ತುತ್ತಾರಾ, ರಾತ್ರಿ ನಿದ್ದೆ ಬರುತ್ತಾ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುತ್ತಾರಾ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಎಕ್ಸ್‌ರೇಯಲ್ಲಿ ತೀರಾ ಹಾಳಾಗಿ ಕಾಣುವ ಮಂಡಿ ಇಟ್ಟುಕೊಂಡೂ ಆರಾಮವಾಗಿ ಓಡಾಡುವವರಿದ್ದಾರೆ. ಚೂರೇ ಚೂರು ಸವೆದಿದ್ದರೂ ನೋವಿಗೆ ಮನೆ ಬಿಟ್ಟು ಹೊರಗೆ ಬಾರದವರೂ ಇದ್ದಾರೆ. ಇದನ್ನು ತಿಳಿಯಲು ರೋಗಿಯನ್ನೇ ಕೇಳಬೇಕು. ಹಾಗೆ ಕ್ರಮವಾಗಿ ಕೇಳಿ ಅಂಕ ಹಾಕುವುದಕ್ಕೇ ಆರೋಗ್ಯ ಸಂಬಂಧಿ ಜೀವನ ಗುಣಮಟ್ಟದ ಪ್ರಶ್ನಾವಳಿಗಳು ಇರುವುದು.

ಥೀಸಿಸ್‌ಗೆ ಕೈ ಹಾಕಿರುವ ಪಿಜಿ ವಿದ್ಯಾರ್ಥಿಗಳು, ಫಿಸಿಯೋಥೆರಪಿ ಮತ್ತು ನರ್ಸಿಂಗ್ ಓದುವವರು, ಹಳ್ಳಿಗಳಲ್ಲಿ ಆರೋಗ್ಯ ಸಮೀಕ್ಷೆ ಮಾಡುವ ಕಾರ್ಯಕರ್ತರು, ಎಲ್ಲರೂ ಒಂದಲ್ಲ ಒಂದು ದಿನ ಕೇಳುವುದು ಇದನ್ನೇ: ಯಾವ ಪ್ರಶ್ನಾವಳಿ ತಗೊಳ್ಳೋದು? ಬಹಳ ಸಲ ಸಿಗುವ ಉತ್ತರ, ‘ಹಿಂದಿನ ಬ್ಯಾಚಿನವರು ಬಳಸಿದ್ದನ್ನೇ ತಗೊಳ್ಳಿ’. ಸುಲಭದ ದಾರಿ, ನಿಜ. ಆದರೆ ಅವರ ರೋಗಿಗಳು ಬೇರೆ, ಅವರು ಹುಡುಕುತ್ತಿದ್ದ ಉತ್ತರವೂ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪ್ರಶ್ನಾವಳಿ ಎಷ್ಟು ಹೆಸರುವಾಸಿ ಅನ್ನುವುದು ಆಮೇಲಿನ ಮಾತು. ಅದರ ಪ್ರಶ್ನೆಗಳು ನಿಮ್ಮೆದುರು ಕೂತ ರೋಗಿಯ ದಿನಚರಿಯನ್ನು ಮುಟ್ಟುತ್ತವಾ ಅಂತ ಮೊದಲು ನೋಡಬೇಕು. ಅದು ಸರಿ ಇಲ್ಲದಿದ್ದರೆ ಮುಂದೆ ಎಷ್ಟು ಅಂಕಿಅಂಶದ ಕಸರತ್ತು ಮಾಡಿದರೂ ದಂಡ. ಇಲ್ಲಿ ಮಂಡಿ ಸವೆತದ ಉದಾಹರಣೆಯನ್ನೇ ಹಿಡಿದು ಹೋಗುತ್ತೇನೆ. ಕಾಯಿಲೆ ಬೇರೆಯಾದರೆ ಪ್ರಶ್ನಾವಳಿಗಳ ಹೆಸರು ಬದಲಾಗುತ್ತವೆ, ಯೋಚನೆ ಮಾಡುವ ರೀತಿ ಇದೇ.

ಬಂದ ಅಂಕ ಯಾರ ಕೈಗೆ ಹೋಗುತ್ತದೆ?

ಪ್ರಶ್ನಾವಳಿ ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಇದನ್ನು ಬರೆದುಕೊಳ್ಳಿ: ಈ ಅಂಕ ನೋಡಿ ಯಾರು ಏನು ತೀರ್ಮಾನ ಮಾಡುತ್ತಾರೆ?

ಒಂದು ಚಿಕಿತ್ಸೆಗೆ ಸರ್ಕಾರ ಹಣ ಹಾಕಬೇಕಾ ಬೇಡವಾ ಅನ್ನುವ ತೀರ್ಮಾನವಾದರೆ, ಮಂಡಿ ಆಪರೇಷನ್ನನ್ನೂ ಡಯಾಲಿಸಿಸ್ಸನ್ನೂ ಒಂದೇ ಅಳತೆಯಲ್ಲಿ ಇಟ್ಟು ನೋಡಬೇಕಾಗುತ್ತದೆ. ಅದಕ್ಕೆ ಯಾವ ಕಾಯಿಲೆಗಾದರೂ ಹೊಂದುವ ಸಾಮಾನ್ಯ ಪ್ರಶ್ನಾವಳಿಯೇ ಆಗಬೇಕು. ಎರಡು ಬಗೆಯ ವ್ಯಾಯಾಮದಲ್ಲಿ ಮಂಡಿಗೆ ಯಾವುದು ಮೇಲು ಅಂತ ನೋಡುವವರಿಗೆ ಸಣ್ಣ ಬದಲಾವಣೆಯನ್ನೂ ಹಿಡಿಯುವ, ಮಂಡಿಗೇ ಮೀಸಲಾದ ಪ್ರಶ್ನಾವಳಿ ಬೇಕು. ಇನ್ನು, ಒಬ್ಬ ರೋಗಿ ಹೋದ ತಿಂಗಳಿಗಿಂತ ಸುಧಾರಿಸಿದ್ದಾರಾ ಅಂತ ಡಾಕ್ಟರು ನೋಡುವುದಾದರೆ ನಿಯಮ ಇನ್ನೂ ಬಿಗಿ. ಅಂಕವನ್ನು ಎಷ್ಟು ನಂಬಬಹುದು ಅನ್ನುವುದನ್ನು 0ಯಿಂದ 1ರವರೆಗಿನ ವಿಶ್ವಾಸಾರ್ಹತೆಯಲ್ಲಿ ಹೇಳುತ್ತಾರೆ. ಗುಂಪಿನ ಸರಾಸರಿಗೆ ಅದು 0.70 ಇದ್ದರೆ ಸಾಕು ಅನ್ನುತ್ತಾರೆ. ಒಬ್ಬೊಬ್ಬರ ಬಗ್ಗೆ ತೀರ್ಮಾನ ಮಾಡಲು 0.90 ಕೇಳುತ್ತಾರೆ. ಸಂಶೋಧನೆಗೆ ಒಪ್ಪುವ ಪ್ರಶ್ನಾವಳಿಯನ್ನು ಸುಮ್ನೆ ತಂದು ಒಪಿಡಿ ಮೇಜಿನ ಮೇಲೆ ಇಟ್ಟರೆ ಆಗುವುದಿಲ್ಲ ಅನ್ನುವುದು ಇದಕ್ಕೇ.

ಸಾಮಾನ್ಯ ಪ್ರಶ್ನಾವಳಿಗಳು: ಇಕ್ಯೂ-5ಡಿ, ಎಸ್‌ಎಫ್-36, ಬ್ರೆಫ್

ಇಕ್ಯೂ-5ಡಿ ಎಲ್ಲಕ್ಕಿಂತ ಚಿಕ್ಕದು. 1987ರಲ್ಲಿ ಶುರುವಾದ ಯೂರೋಕ್ವಾಲ್ ಗುಂಪು ಇದನ್ನು ಮಾಡಿತು. ಐದೇ ವಿಷಯ: ಓಡಾಟ, ಸ್ನಾನ ಮತ್ತು ಬಟ್ಟೆಯಂಥ ಸ್ವಂತ ಕೆಲಸ, ದಿನದ ಕೆಲಸಗಳು, ನೋವು ಅಥವಾ ಕಿರಿಕಿರಿ, ಆತಂಕ ಅಥವಾ ಖಿನ್ನತೆ. ಜೊತೆಗೆ 0ಯಿಂದ 100ರವರೆಗಿನ ಒಂದು ಅಳತೆಪಟ್ಟಿ. ಇವತ್ತು ನಿಮ್ಮ ಆರೋಗ್ಯ ಎಷ್ಟರಲ್ಲಿದೆ ಅಂತ ಅದರ ಮೇಲೆ ಗುರುತು ಹಾಕಬೇಕು.

ಇರುವ ಪ್ರಶ್ನಾವಳಿಯನ್ನು ಹೇಗೆ ಸುಧಾರಿಸಬಹುದು ಅನ್ನುವುದಕ್ಕೆ ಇದರ ಕಥೆಯೇ ಒಳ್ಳೆಯ ಪಾಠ. ಹಳೆಯ ರೂಪದಲ್ಲಿ ಪ್ರತಿ ವಿಷಯಕ್ಕೂ 3 ಹಂತ ಇದ್ದವು. ಓಡಾಟದಲ್ಲಿ ಮೊದಲನೆಯದು ‘ತೊಂದರೆ ಇಲ್ಲ’, ಎರಡನೆಯದು ‘ಸ್ವಲ್ಪ ತೊಂದರೆ ಇದೆ’, ಮೂರನೆಯದು ‘ಹಾಸಿಗೆ ಹಿಡಿದಿದ್ದೇನೆ’. ಮಂಡಿ ನೋವಿನವರು ಎಲ್ಲಿ ಗುರುತು ಹಾಕಬೇಕು ಹೇಳಿ? ಮೆಟ್ಟಿಲು ಹತ್ತುವಾಗ ಮಾತ್ರ ನೋವು ಇರುವವರೂ ನಡುವಿನದಕ್ಕೇ, ಕೋಲು ಹಿಡಿದು ಬಚ್ಚಲಿಗೆ ಹೋಗುವುದೂ ಕಷ್ಟ ಅನ್ನುವವರೂ ನಡುವಿನದಕ್ಕೇ. ಆಪರೇಷನ್ ಆದಮೇಲೆ ಅರ್ಧ ಸುಧಾರಿಸಿದರೂ ಅದೇ ನಡುವಿನ ಗೆರೆ. ಬದಲಾವಣೆ ಆಗಿದ್ದರೂ ಕಾಗದದಲ್ಲಿ ಏನೂ ಕಾಣುವುದಿಲ್ಲ. ಹೊಸ 5 ಹಂತದ ರೂಪದಲ್ಲಿ ಇದನ್ನು ಬಿಡಿಸಿದರು. ‘ಹಾಸಿಗೆ ಹಿಡಿದಿದ್ದೇನೆ’ ಹೋಗಿ ‘ನಡೆದಾಡಲು ಆಗುವುದಿಲ್ಲ’ ಬಂತು. ಹೇಳಬಹುದಾದ ಆರೋಗ್ಯ ಸ್ಥಿತಿಗಳು 243ರಿಂದ 3,125ಕ್ಕೆ ಏರಿದವು. ಒಂದೂ ಪ್ರಶ್ನೆ ಜಾಸ್ತಿ ಮಾಡದೆ ಆದ ಸುಧಾರಣೆ ಇದು. ಹೊಸದಾಗಿ ಶುರು ಮಾಡುವವರು 5 ಹಂತದ್ದನ್ನೇ ಆರಿಸಿಕೊಳ್ಳಿ.

ಈ ಉತ್ತರಗಳನ್ನು ಒಂದೇ ಅಂಕಕ್ಕೆ ಇಳಿಸಲು ಮೌಲ್ಯಪಟ್ಟಿ ಬೇಕು. ಯಾವ ಕಷ್ಟವನ್ನು ಜನ ಎಷ್ಟು ದೊಡ್ಡದು ಅಂತ ಎಣಿಸುತ್ತಾರೆ ಅನ್ನುವುದನ್ನು ಆಯಾ ದೇಶದ ಸಾಮಾನ್ಯ ಜನರನ್ನು ಕೇಳಿ ಮಾಡುವ ಪಟ್ಟಿ ಅದು. ಭಾರತದ್ದೇ ಪಟ್ಟಿ 2022ರಲ್ಲಿ ಬಂತು. ಚಂಡೀಗಢದ ಪಿಜಿಐಎಂಇಆರ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಮುಂದೆ ನಿಂತು, 5 ರಾಜ್ಯಗಳ 3,500ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ್ದು. ಇನ್ನೂ ಬ್ರಿಟನ್ನಿನ ಪಟ್ಟಿ ಹಾಕಿ ಲೆಕ್ಕ ಮಾಡುವವರಿದ್ದಾರೆ. ದಯವಿಟ್ಟು ಬಿಡಿ. ನೆಲದ ಮೇಲೆ ಬದುಕುವ ಜನರ ಕಷ್ಟವನ್ನು ಕುರ್ಚಿ ಮೇಲೆ ಬದುಕುವವರು ಯಾಕೆ ತೂಗಬೇಕು?

ಇಕ್ಯೂ-5ಡಿಯ ಕೊರತೆ ಅದರ ಚಿಕ್ಕತನದಲ್ಲೇ ಇದೆ. ಕಾಯಿಲೆ ಹಗುರ ಇದ್ದವರು ಐದಕ್ಕೂ ‘ತೊಂದರೆ ಇಲ್ಲ’ ಅಂದುಬಿಡುತ್ತಾರೆ. ಮೇಲೆ ಹೋಗಲು ಜಾಗ ಉಳಿಯುವುದಿಲ್ಲ. ನೂರರಲ್ಲಿ 15ಕ್ಕಿಂತ ಜಾಸ್ತಿ ಜನ ಹೀಗೆ ತುತ್ತತುದಿಯಲ್ಲೋ ತೀರಾ ತಳದಲ್ಲೋ ಗುಂಪು ಕೂಡಿದರೆ ಆ ಅಳತೆ ನಿಮ್ಮ ರೋಗಿಗಳಿಗೆ ಸಾಲದು ಅಂತ ತಿಳಿಯುವುದು ವಾಡಿಕೆ. ಜೊತೆಗೆ ಇದು ಕೇಳುವುದು ‘ಇವತ್ತು’ ಹೇಗಿದ್ದೀರಿ ಅಂತ. ಆಸ್ಪತ್ರೆಗೆ ಬಂದ ದಿನ ಅಂದರೆ ಎರಡು ಬಸ್ ಬದಲಾಯಿಸಿ, ಕ್ಯೂನಲ್ಲಿ ನಿಂತು ಬಂದ ದಿನ. ಆ ದಿನದ ನೋವು ಉಳಿದ ದಿನಗಳ ನೋವಲ್ಲ.

ಎಸ್‌ಎಫ್-36 ಇದಕ್ಕಿಂತ ಹಿರಿದು. ಅಮೆರಿಕದ ರ್‍ಯಾಂಡ್ ಸಂಸ್ಥೆಯ ಅಧ್ಯಯನವೊಂದರಿಂದ ಹುಟ್ಟಿ 1992ರಲ್ಲಿ ಪ್ರಕಟವಾಯಿತು. 36 ಪ್ರಶ್ನೆ, 8 ವಿಭಾಗ, ಪ್ರತಿ ವಿಭಾಗಕ್ಕೂ 0ಯಿಂದ 100ರ ಅಂಕ. ಹೆಚ್ಚಿನ ಪ್ರಶ್ನೆಗಳು ಕಳೆದ 4 ವಾರಗಳ ಬಗ್ಗೆ. ದೇಹ, ಕೆಲಸ, ನೋವು, ಹುರುಪು, ಮನಸ್ಸು, ಜನರೊಂದಿಗಿನ ಒಡನಾಟ ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಆ ವಿಷಯದಲ್ಲಿ ಇದು ಇಕ್ಯೂಗಿಂತ ಎಷ್ಟೋ ಮೇಲು. ಆದರೆ ಓಡಾಟದ 10 ಪ್ರಶ್ನೆಗಳನ್ನು ಒಮ್ಮೆ ಓದಿ ನೋಡಿ. ಸಾಧಾರಣ ಶ್ರಮದ ಕೆಲಸಕ್ಕೆ ಮೂಲದಲ್ಲಿ ಕೊಟ್ಟಿರುವ ಉದಾಹರಣೆಗಳು ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ (ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸುವ ಆಟ), ಗಾಲ್ಫ್. ನಡಿಗೆಯ ದೂರ ಕೇಳುವುದು ಮೈಲಿ ಮತ್ತು ಅಮೆರಿಕದ ಊರುಗಳ ಬ್ಲಾಕ್ ಲೆಕ್ಕದಲ್ಲಿ. ಬೇರೆ ದೇಶಗಳಿಗೆ ಒಯ್ದವರು ಇವನ್ನು ಹೊಂದಿಸಿಕೊಳ್ಳಬೇಕಾಯಿತು. ನಿಮ್ಮ ಕೈಗೆ ಸಿಕ್ಕ ಕನ್ನಡ ಪ್ರತಿಯಲ್ಲಿ ಈ ಜಾಗದಲ್ಲಿ ಏನಿದೆ ಅಂತ ಮೊದಲು ನೋಡಿ. ಗಾಲ್ಫ್ ಹಾಗೇ ಇದ್ದರೆ ಆ ಪ್ರತಿಯನ್ನು ರೋಗಿಗಳ ಮುಂದಿಟ್ಟು ಯಾರೂ ಪರೀಕ್ಷಿಸಿಲ್ಲ ಅಂತಲೇ ಅರ್ಥ. ಹಣದ ವಿಷಯ: ಎರಡನೇ ಆವೃತ್ತಿಗೆ ಲೈಸೆನ್ಸ್ ಬೇಕು. ರ್‍ಯಾಂಡ್ ಸಂಸ್ಥೆಯದೇ ಆದ 36 ಪ್ರಶ್ನೆಗಳ ಆವೃತ್ತಿ ಉಚಿತ. ಪ್ರಶ್ನೆಗಳು ಬಹುಪಾಲು ಒಂದೇ, ಎರಡು ವಿಭಾಗಗಳಿಗೆ ಅಂಕ ಹಾಕುವ ಕ್ರಮ ಮಾತ್ರ ಬೇರೆ. ಯಾವುದನ್ನು ಬಳಸಿದಿರಿ ಅಂತ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಮೂರನೆಯದು ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒಕ್ಯೂಒಎಲ್-ಬ್ರೆಫ್. 26 ಪ್ರಶ್ನೆ, 4 ವಿಭಾಗ, ಕಳೆದ 2 ವಾರಗಳ ಬದುಕು. ಇದರ ಹುಟ್ಟಿನಲ್ಲೇ ಒಂದು ಒಳ್ಳೆಯತನ ಇದೆ. ಒಂದು ದೇಶದಲ್ಲಿ ಬರೆದು ಉಳಿದವರಿಗೆ ಅನುವಾದಿಸಲಿಲ್ಲ. ದೆಹಲಿ, ಚೆನ್ನೈ ಸೇರಿ ಹಲವು ದೇಶಗಳ 15 ಕೇಂದ್ರಗಳಲ್ಲಿ ಒಟ್ಟೊಟ್ಟಿಗೆ ಇದರ ಮೂಲ ರೂಪ ಕಟ್ಟಿದರು. ಹಣ, ಮನೆ, ಓಡಾಟದ ವಾಹನ, ಸುರಕ್ಷತೆ, ಆಸ್ಪತ್ರೆ ಸೌಲಭ್ಯ ಇವೆಲ್ಲ ಇರುವ ‘ಪರಿಸರ’ ವಿಭಾಗ ಇದರ ವಿಶೇಷ. ಬದುಕನ್ನು ಅಗಲವಾಗಿ ನೋಡಬೇಕೆಂದರೆ, ಅದರಲ್ಲೂ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರ ಸ್ಥಿತಿ, ವೃದ್ಧರ ಬದುಕು ಇಂಥವಕ್ಕೆ ನಾನು ಇದನ್ನೇ ಹೇಳುತ್ತೇನೆ. ಆದರೆ ಮಂಡಿ ಆಪರೇಷನ್ ಆದಮೇಲೆ ಮನೆ ಬದಲಾಗುವುದಿಲ್ಲ, ಸಂಬಳ ಬದಲಾಗುವುದಿಲ್ಲ. ಅಂಥ ಅಧ್ಯಯನಕ್ಕೆ ಇದರ ಅರ್ಧ ಪ್ರಶ್ನೆಗಳು ಅಲುಗಾಡುವುದೇ ಇಲ್ಲ. ಇನ್ನೊಂದು ತೊಡಕು: ಸಾಮಾಜಿಕ ಸಂಬಂಧದ ವಿಭಾಗದಲ್ಲಿ ಇರುವುದು 3 ಪ್ರಶ್ನೆ. ಅದರಲ್ಲಿ ಒಂದು ಲೈಂಗಿಕ ಜೀವನದ್ದು. ವಯಸ್ಸಾದವರು, ವಿಧವೆಯರು ಅದನ್ನು ಖಾಲಿ ಬಿಡುವುದೇ ಜಾಸ್ತಿ. ಬಾಯಲ್ಲಿ ಓದಿ ಕೇಳುವಾಗ ಹತ್ತು ಜನರ ಎದುರು ಅದನ್ನು ಕೇಳಬೇಡಿ. ಹೆಂಗಸರನ್ನು ಹೆಂಗಸರೇ ಕೇಳಲಿ, ಬಾಗಿಲು ಮುಚ್ಚಿದ ಕೋಣೆ ಇರಲಿ.

ಮಂಡಿಗೇ ಮೀಸಲಾದವು: ವೊಮ್ಯಾಕ್, ಕೂಸ್, ಆಕ್ಸ್‌ಫರ್ಡ್

ವೊಮ್ಯಾಕ್ ಕೆನಡಾದ್ದು, 24 ಪ್ರಶ್ನೆ. ನೋವಿಗೆ 5, ಬಿಗಿತಕ್ಕೆ 2, ದಿನದ ಕೆಲಸಗಳಿಗೆ 17. ಮಂಡಿ ಮತ್ತು ಸೊಂಟದ ಕೀಲು ಎರಡಕ್ಕೂ ಆಗುತ್ತದೆ. ಬಹಳ ಹಳೆಯದು, ಬಹಳ ಬಳಕೆಯಲ್ಲಿರುವುದು. ಬಳಸಲು ಲೈಸೆನ್ಸ್ ಬೇಕು. ಕೂಸ್ 1998ರಲ್ಲಿ ಬಂತು. ವೊಮ್ಯಾಕ್ ಪ್ರಶ್ನೆಗಳನ್ನು ಒಳಗೆ ಇಟ್ಟುಕೊಂಡು ಬೆಳೆದಿದ್ದು, ಒಟ್ಟು 42 ಪ್ರಶ್ನೆ, ಉಚಿತ. ಆಕ್ಸ್‌ಫರ್ಡ್ ಮಂಡಿ ಅಂಕವೂ 1998ರದೇ. 12 ಪ್ರಶ್ನೆ, 0ಯಿಂದ 48 ಅಂಕ, ಕಳೆದ 4 ವಾರಗಳ ನೋವು ಮತ್ತು ಕೆಲಸ. ಮಂಡಿ ಬದಲಿ ಆಪರೇಷನ್‌ಗೆಂದೇ ಮಾಡಿದ್ದು. ಇದಕ್ಕೂ ಅನುಮತಿ ಪಡೆಯಬೇಕು.

ಈಗ ನಮ್ಮ ರೋಗಿಗಳ ದಿನಚರಿ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಕುಕ್ಕರಗಾಲಲ್ಲಿ ಕೂರಬೇಕು. ಪಾಶ್ಚಾತ್ಯ ಕಮೋಡ್ ಇರುವ ಮನೆಗಳು ಹೆಚ್ಚಿವೆ, ಆದರೂ ಹಳ್ಳಿಗಳಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಛತ್ರಗಳಲ್ಲಿ ಇರುವುದು ನೆಲಮಟ್ಟದ್ದೇ. ದೇವರ ಪೂಜೆಗೆ, ನಮಾಜಿಗೆ, ಊಟಕ್ಕೆ, ತರಕಾರಿ ಹೆಚ್ಚಲು, ರಾಗಿ ಕೇರಲು, ಕಳೆ ಕೀಳಲು ಎಲ್ಲಕ್ಕೂ ನೆಲ. ಮಂಡಿ ನೋವಿನವರು ಡಾಕ್ಟರ ಹತ್ತಿರ ಹೇಳುವ ಮೊದಲ ಮಾತೇ, ‘ಕೆಳಗೆ ಕೂರಕ್ಕಾಗಲ್ಲ, ಕೂತರೆ ಏಳಕ್ಕಾಗಲ್ಲ’.

ವೊಮ್ಯಾಕ್‌ನಲ್ಲಿ ಕಮೋಡ್ ಮೇಲೆ ಕೂತು ಏಳುವುದು, ಸ್ನಾನದ ತೊಟ್ಟಿಗೆ ಇಳಿದು ಹತ್ತುವುದು, ಕಾಲುಚೀಲ ಹಾಕಿಕೊಳ್ಳುವುದು ಇದೆ. ಕುಕ್ಕರಗಾಲಲ್ಲಿ ಕೂರುವುದು ಇಲ್ಲ. ಕೂಸ್‌ನಲ್ಲಿ ಇದೆ, ಆದರೆ ಎಲ್ಲಿ? ‘ಆಟ ಮತ್ತು ಮನರಂಜನೆ’ ವಿಭಾಗದಲ್ಲಿ. ಓಡುವುದು, ಜಿಗಿಯುವುದರ ಜೊತೆಗೆ ಕುಕ್ಕರಿಸುವುದು ಮತ್ತು ಮಂಡಿಯೂರುವುದು. ಅರವತ್ತು ದಾಟಿದವರಿಗೆ ಆಟ ಯಾಕೆ ಅಂತ ಎಷ್ಟೋ ಜನ ಆ ವಿಭಾಗವನ್ನೇ ಕೈಬಿಡುತ್ತಾರೆ. ಅದರ ಜೊತೆಗೆ ನಮ್ಮವರ ಬೆಳಗಿನ ಶೌಚವೂ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಕೂಸ್ ತಗೊಂಡರೆ ಆ ವಿಭಾಗವನ್ನು ಖಂಡಿತ ಬಿಡಬೇಡಿ. ಸಮಯ ಕಮ್ಮಿ ಇದ್ದರೆ ಕೂಸ್‌ನ 7 ಪ್ರಶ್ನೆಗಳ ಚಿಕ್ಕ ರೂಪ ಇದೆ. ಕುಕ್ಕರಿಸುವುದು, ಮಂಡಿಯೂರುವುದು ಎರಡೂ ಅದರಲ್ಲಿ ಉಳಿದಿವೆ. ಆದರೆ ಅದು ಅಳೆಯುವುದು ಕೆಲಸದ ಕಷ್ಟವನ್ನು ಮಾತ್ರ, ನೋವನ್ನು ಬೇರೆ ಕೇಳಬೇಕು.

ಆಕ್ಸ್‌ಫರ್ಡ್‌ನಲ್ಲಿ ಮಂಡಿಯೂರಿ ಏಳುವುದು, ಕಾರು ಅಥವಾ ಬಸ್ ಹತ್ತಿ ಇಳಿಯುವುದು, ಮೆಟ್ಟಿಲು ಇಳಿಯುವುದು, ರಾತ್ರಿ ನೋವು ಎಲ್ಲ ಇದೆ. ಬರೀ 12 ಪ್ರಶ್ನೆಗೆ ಇದು ತುಂಬಾ ಒಳ್ಳೆಯ ವ್ಯಾಪ್ತಿ. ಮಂಡಿ ಬದಲಿ ಮಾಡಿಸಿಕೊಂಡವರನ್ನು ಹಿಂಬಾಲಿಸುವ ಆಸ್ಪತ್ರೆಗಳಿಗೆ ನನ್ನ ಆಯ್ಕೆ ಇದೇ. ಆಪರೇಷನ್ ಇಲ್ಲದೆ ವ್ಯಾಯಾಮ, ಔಷಧಿಯಲ್ಲಿ ಇರುವ ನಡುವಯಸ್ಸಿನವರಿಗೆ ಕೂಸ್.

ಒಂದು ಸಾಕಾ, ಎರಡು ಬೇಕಾ?

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2009ರ ಏಪ್ರಿಲ್‌ನಿಂದ ಮಂಡಿ ಮತ್ತು ಸೊಂಟದ ಕೀಲು ಬದಲಿಸಿಕೊಳ್ಳುವ ಎಲ್ಲರ ಕೈಗೂ ಆಪರೇಷನ್‌ಗೆ ಮುಂಚೆ ಒಮ್ಮೆ, 6 ತಿಂಗಳ ನಂತರ ಒಮ್ಮೆ ಪ್ರಶ್ನಾವಳಿ ಕೊಡುತ್ತಾ ಬಂದಿದೆ. ಅವರು ಆರಿಸಿದ್ದು ಎರಡನ್ನು: ಇಕ್ಯೂ-5ಡಿ ಮತ್ತು ಆಕ್ಸ್‌ಫರ್ಡ್. ಮಂಡಿ ರೋಗಿಗಳ ಫಲಿತಾಂಶ ನೋಡಿದರೆ ಆಕ್ಸ್‌ಫರ್ಡ್ ಅಂಕದಲ್ಲಿ 10ರಲ್ಲಿ 9ಕ್ಕಿಂತ ಜಾಸ್ತಿ ಜನ ಸುಧಾರಿಸಿರುತ್ತಾರೆ. ಇಕ್ಯೂ-5ಡಿ ಅಂಕದಲ್ಲಿ ಸುಮಾರು 8 ಜನ. 0ಯಿಂದ 100ರ ಅಳತೆಪಟ್ಟಿಯಲ್ಲಿ 10ರಲ್ಲಿ 6 ಜನರ ಆಸುಪಾಸು. ಆಪರೇಷನ್ ಅದೇ, ರೋಗಿಗಳೂ ಅವರೇ. ಮಂಡಿಯನ್ನೇ ಕೇಳಿದರೆ ಮಂಡಿಯ ಸುಧಾರಣೆ ಪೂರ್ತಿ ಕಾಣುತ್ತದೆ. ಒಟ್ಟು ಆರೋಗ್ಯ ಕೇಳಿದರೆ ಸಕ್ಕರೆ ಕಾಯಿಲೆ, ಬೆನ್ನುನೋವು, ಮನೆಯ ಚಿಂತೆ ಎಲ್ಲ ಸೇರಿಕೊಳ್ಳುತ್ತವೆ. ಎರಡೂ ನಿಜವೇ. ಆಕ್ಸ್‌ಫರ್ಡ್ ಮಾತ್ರ ನೋಡಿದವರು ಆಪರೇಷನ್ನಿನಿಂದ ಬದುಕೇ ಬದಲಾಯಿತು ಅಂದುಕೊಳ್ಳುವ ಅಪಾಯ ಇದೆ. ಇಕ್ಯೂ ಮಾತ್ರ ನೋಡಿದವರು ಆಪರೇಷನ್ನಿನ ಗುಣವನ್ನು ಕಮ್ಮಿ ಎಣಿಸುತ್ತಾರೆ.

ಹಾಗಾಗಿ ಒಂದು ಚಿಕ್ಕ ಸಾಮಾನ್ಯ ಪ್ರಶ್ನಾವಳಿ, ಒಂದು ಮೀಸಲಾದದ್ದು. ಇಕ್ಯೂ ಮತ್ತು ಆಕ್ಸ್‌ಫರ್ಡ್ ಸೇರಿದರೆ ಅಳತೆಪಟ್ಟಿಯೂ ಲೆಕ್ಕಕ್ಕೆ ಬಂದು 18 ಪ್ರಶ್ನೆ. ಎಸ್‌ಎಫ್-36 ಮತ್ತು ಕೂಸ್ ಸೇರಿಸಿದರೆ 78. ನೋವಿನಲ್ಲಿ ಕೂತ ಮನುಷ್ಯರು ನಲವತ್ತನೇ ಪ್ರಶ್ನೆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿ ಮುಗಿಸುತ್ತಾರೆ. ಪ್ರಶ್ನೆ ಜಾಸ್ತಿಯಾದಷ್ಟೂ ಮಾಹಿತಿ ಜಾಸ್ತಿ ಅನ್ನುವುದು ಕಾಗದದ ಮೇಲಿನ ಲೆಕ್ಕ.

ಹಾಗೇ ಬಳಸುವುದಾ, ತಿದ್ದುವುದಾ, ಹೊಸದು ಮಾಡುವುದಾ?

ಇದ್ದದ್ದು ಹೊಂದುತ್ತಿಲ್ಲ ಅನಿಸಿದಾಗ ಎಲ್ಲರಿಗೂ ಮೊದಲು ಹೊಳೆಯುವುದು ‘ನಾವೇ ಒಂದು ಮಾಡೋಣ’ ಅಂತ. ಆಸೆ ಸಹಜ. ಆದರೆ ಹೊಸದು ಮಾಡುವುದು ವರ್ಷಗಳ ಕೆಲಸ. ರೋಗಿಗಳನ್ನು ಮಾತಾಡಿಸಿ ವಿಷಯ ಹೆಕ್ಕಬೇಕು, ಪ್ರಶ್ನೆ ಬರೆಯಬೇಕು, ಪರೀಕ್ಷಿಸಬೇಕು, ನೂರಾರು ಜನರ ಮೇಲೆ ಅಂಕಿಅಂಶ ತೆಗೆಯಬೇಕು. ಅಷ್ಟಾದರೂ ನಿಮ್ಮ ಅಂಕವನ್ನು ಬೇರೆ ಯಾರ ಅಂಕದ ಜೊತೆಗೂ ಹೋಲಿಸಲು ಆಗುವುದಿಲ್ಲ. ಮೂರು ವರ್ಷದ ಪಿಜಿ ಕೋರ್ಸಿನ ನಡುವೆ ಇದಕ್ಕೆ ಕೈ ಹಾಕಬೇಡಿ.

ಇದ್ದದ್ದನ್ನು ತಮ್ಮಷ್ಟಕ್ಕೆ ತಿದ್ದುವುದು ಇನ್ನೂ ಕೆಟ್ಟದ್ದು. ಒಂದು ಪ್ರಶ್ನೆ ತೆಗೆದು ಇನ್ನೊಂದು ಹಾಕುವುದು, 5 ಹಂತವನ್ನು 3 ಮಾಡುವುದು, ‘4 ವಾರ’ವನ್ನು ‘ಇತ್ತೀಚೆಗೆ’ ಮಾಡುವುದು. ಆಮೇಲೂ ಅದೇ ಹೆಸರಿನಲ್ಲಿ ವರದಿ ಮಾಡುತ್ತಾರೆ. ಹೆಸರು ಆಕ್ಸ್‌ಫರ್ಡಿನದು, ಅಳತೆ ಮಾತ್ರ ಯಾವುದೂ ಅಲ್ಲ.

ನಾನು ಹೇಳುವ ದಾರಿ ಇದು. ಅಧಿಕೃತ ಕನ್ನಡ ರೂಪ ಇದೆಯಾ ಅಂತ ಹಕ್ಕು ಹೊಂದಿರುವವರನ್ನೇ ಬರೆದು ಕೇಳಿ. ಇಕ್ಯೂ-5ಡಿಗೆ ಕನ್ನಡ ರೂಪ ಯೂರೋಕ್ವಾಲ್‌ನಿಂದಲೇ ಸಿಗುತ್ತದೆ, ನೋಂದಣಿ ಮಾಡಿಸಿಕೊಂಡರೆ ಸಾಕು. ಸಿಕ್ಕಿದ್ದನ್ನು ಒಂದಕ್ಷರ ಬದಲಿಸದೆ ಬಳಸಿ, ಅಂಕ ಅವರ ಕ್ರಮದಲ್ಲೇ ಹಾಕಿ. ನಿಮ್ಮ ರೋಗಿಗಳಿಗೆ ಮುಖ್ಯವಾದ, ಅದರಲ್ಲಿ ಇಲ್ಲದ ನಾಲ್ಕೈದು ಪ್ರಶ್ನೆಗಳನ್ನು ಕೊನೆಗೆ ಬೇರೆ ಹಾಳೆಯಲ್ಲಿ ಕೇಳಿ: ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ನೆಲದಿಂದ ಆಸರೆ ಇಲ್ಲದೆ ಏಳುವುದು, ಸರ್ಕಾರಿ ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು. ಈ ಅಂಕವನ್ನು ಮೂಲದ ಅಂಕಕ್ಕೆ ಕೂಡಿಸಬೇಡಿ, ಪಕ್ಕದಲ್ಲಿ ಬೇರೆಯಾಗಿ ತೋರಿಸಿ. ಹೋಲಿಕೆಯೂ ಉಳಿಯುತ್ತದೆ, ನಮ್ಮವರ ಬದುಕೂ ದಾಖಲಾಗುತ್ತದೆ.

ಕನ್ನಡ ರೂಪ ಇಲ್ಲದಿದ್ದರೆ ಅನುಮತಿ ಪಡೆದು ಅನುವಾದಿಸಬೇಕು. ಇದಕ್ಕೊಂದು ಒಪ್ಪಿತ ಕ್ರಮ ಇದೆ, 2005ರಲ್ಲಿ ಇಸ್ಪೋರ್ ಎಂಬ ಅಂತರರಾಷ್ಟ್ರೀಯ ಆರೋಗ್ಯ ಸಂಶೋಧಕರ ಸಂಸ್ಥೆಯ ತಂಡ ಅದನ್ನು ಪ್ರಕಟಿಸಿತು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ. ಎರಡನ್ನೂ ಕೂಡಿಸಿ ಒಂದು ಮಾಡುತ್ತಾರೆ. ಮೂಲ ನೋಡದವರೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ತಪ್ಪು ತಿದ್ದಿ 5ರಿಂದ 8 ರೋಗಿಗಳ ಜೊತೆ ಕೂತು ಪರೀಕ್ಷಿಸುತ್ತಾರೆ. ನಮ್ಮಲ್ಲಿ ತಿರುಗು ಅನುವಾದ ಆಗಿದ್ದೇ ತಡ, ಕೆಲಸ ಮುಗಿಯಿತು ಅನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಬರೆದ ಪ್ರಶ್ನೆ ಇಂಗ್ಲಿಷಿಗೆ ಚೆನ್ನಾಗಿಯೇ ತಿರುಗುತ್ತದೆ. ರೋಗಿಗೆ ಅರ್ಥವಾಗದಿರುವುದು ಅಲ್ಲಿ ಗೊತ್ತಾಗುವುದೇ ಇಲ್ಲ. ರೋಗಿಗಳ ಜೊತೆ ಕೂರುವ ಹಂತವೇ ಜೀವಾಳ. ಆ ಎಂಟು ಜನರೂ ಬೆಂಗಳೂರಿನವರೇ ಆಗಿರಬಾರದು. ಬೀದರಿನವರು, ಕುಂದಾಪುರದವರು, ಚಾಮರಾಜನಗರದವರು ಇರಲಿ. ಓದು ಬಾರದವರು ಇರಲೇಬೇಕು.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ

ಆಕ್ಸ್‌ಫರ್ಡ್‌ನಲ್ಲಿ ಮನೆ ಸಾಮಾನನ್ನು ಒಬ್ಬರೇ ಹೋಗಿ ತರಲು ಆಗುತ್ತಿತ್ತಾ ಅನ್ನುವ ಪ್ರಶ್ನೆ ಇದೆ. ‘ಹೌದು, ಸುಲಭವಾಗಿ’ ಅಂದರೆ 4 ಅಂಕ, ‘ಇಲ್ಲ, ಸಾಧ್ಯವೇ ಇಲ್ಲ’ ಅಂದರೆ 0. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರನ್ನು ಕೇಳಿದಿರಿ ಅಂತ ಇಟ್ಟುಕೊಳ್ಳಿ.

‘ಆಗಲ್ಲ ಕಣಮ್ಮಾ’ ಅನ್ನುತ್ತಾರೆ. 0ಗೆ ಗುರುತು ಹಾಕಿ ಮುಂದೆ ಹೋಗುವುದು ಸುಲಭ. ಒಂದು ನಿಮಿಷ ನಿಂತು, ‘ಯಾಕಜ್ಜಿ ಆಗಲ್ಲ? ಸ್ವಲ್ಪ ಹೇಳಿ’ ಅಂತ ಕೇಳಿ ನೋಡಿ.

‘ನಮ್ಮನೇಲಿ ಸಾಮಾನು ತರೋದು ನಮ್ ಹುಡುಗ. ನಾನು ಯಾವತ್ತು ಸಂತೆಗೆ ಹೋದವಳು?’

ಇಲ್ಲಿ ಮಂಡಿಯದೇನೂ ತಪ್ಪಿಲ್ಲ. ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಈ ಅಜ್ಜಿಯ ಉತ್ತರ ಬದಲಾಗುವುದಿಲ್ಲ. ಕೇಳಿದ್ದು ‘ಮಾಡಲು ಆಗುತ್ತಾ’ ಅಂತ, ಅವರು ಉತ್ತರಿಸಿದ್ದು ‘ಮಾಡುತ್ತೀರಾ’ ಅನ್ನುವುದಕ್ಕೆ. ಚರ್ಮರೋಗದಲ್ಲಿ ಬಳಸುವ 10 ಪ್ರಶ್ನೆಗಳ ಡಿಎಲ್‌ಕ್ಯೂಐನಲ್ಲಿ ಇದೇ ತೊಡಕು ತಿರುಗಿ ಕೂತಿದೆ. ಅಲ್ಲಿ ‘ನನಗೆ ಅನ್ವಯಿಸುವುದಿಲ್ಲ’ ಅಂದರೆ 0 ಅಂಕ, ಅಂದರೆ ತೊಂದರೆಯೇ ಇಲ್ಲ ಅಂತ ಲೆಕ್ಕ. ಆಟ ಆಡದವರು, ಕೆಲಸಕ್ಕೆ ಹೋಗದವರು ಕಾಗದದ ಮೇಲೆ ಕಮ್ಮಿ ಕಷ್ಟದವರಾಗಿಬಿಡುತ್ತಾರೆ. ಅದನ್ನು ಸರಿಪಡಿಸಲು ಅಂಕ ಹಾಕುವ ಹೊಸ ಕ್ರಮಗಳನ್ನು ಸೂಚಿಸಿದ್ದಾರೆ.

ಇಂಥದ್ದನ್ನು ಹಿಡಿಯುವ ವಿಧಾನಕ್ಕೆ ಕಾಗ್ನಿಟಿವ್ ಇಂಟರ್‌ವ್ಯೂ ಅನ್ನುತ್ತಾರೆ. ಪ್ರತಿ ಪ್ರಶ್ನೆಗೂ ನಾಲ್ಕು ವಿಷಯ ಗಮನಿಸಬೇಕು. ಪ್ರಶ್ನೆ ಅರ್ಥವಾಯಿತಾ? ಕೇಳಿದ ಅವಧಿಯನ್ನು ನೆನಪು ಮಾಡಿಕೊಂಡರಾ? ಹೇಗೆ ಲೆಕ್ಕ ಹಾಕಿದರು? ಮನಸ್ಸಿನಲ್ಲಿದ್ದ ಉತ್ತರಕ್ಕೆ ಸರಿಯಾದ ಹಂತ ಪಟ್ಟಿಯಲ್ಲಿ ಸಿಕ್ಕಿತಾ? ‘ಅರ್ಥ ಆಯ್ತಾ?’ ಅಂತ ನೇರ ಕೇಳಿದರೆ ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ, ಡಾಕ್ಟರ ಎದುರು ಇಲ್ಲ ಅನ್ನುವವರು ಯಾರು? ಅದರ ಬದಲು, ‘ನಾನು ಕೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ’ ಅನ್ನಿ. ‘4 ವಾರ ಅಂದಾಗ ನಿಮಗೆ ಎಲ್ಲಿಂದ ಎಲ್ಲಿವರೆಗೆ ನೆನಪಾಯ್ತು?’ ಅನ್ನಿ. ಹಬ್ಬ, ಅಮಾವಾಸ್ಯೆ, ಸಂತೆಯ ಲೆಕ್ಕದಲ್ಲಿ ಹೇಳಿದರೆ ಅದನ್ನೇ ಬರೆದುಕೊಳ್ಳಿ.

ಉತ್ತರದ ಹಂತಗಳಿಗೆ ಇನ್ನೊಂದು ಚಿಕ್ಕ ಪರೀಕ್ಷೆ ಇದೆ. ‘ಸ್ವಲ್ಪ’, ‘ಸಾಧಾರಣ’, ‘ತುಂಬಾ’, ‘ವಿಪರೀತ’ ಇಂಥ ಪದಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಕಲಸಿ, ಕಮ್ಮಿಯಿಂದ ಜಾಸ್ತಿಗೆ ಜೋಡಿಸಲು ಹೇಳಿ. ಓದು ಬಾರದವರಿಗೆ ಓದಿ ಹೇಳಿ. ಎರಡು ಚೀಟಿಗಳನ್ನು ಜನ ಪದೇ ಪದೇ ಅದಲು ಬದಲು ಮಾಡುತ್ತಿದ್ದರೆ ಆ ಎರಡು ಹಂತಗಳ ನಡುವೆ ವ್ಯತ್ಯಾಸವೇ ಇಲ್ಲ ಅಂತ ಗೊತ್ತಾಯಿತು. ಕಾಸು ಖರ್ಚಿಲ್ಲದ ಈ ಕೆಲಸ ಬಹಳಷ್ಟು ಅಧ್ಯಯನಗಳನ್ನು ಉಳಿಸುತ್ತದೆ.

ಕೇಳುವ ರೀತಿ

ಕಾಗದ ಕೊಟ್ಟು ತುಂಬಿಸುವುದು, ಓದಿ ಕೇಳುವುದು, ಫೋನ್, ಟ್ಯಾಬ್. ನಾಲ್ಕರಲ್ಲೂ ಒಂದೇ ಅಂಕ ಬರುತ್ತದೆ ಅಂದುಕೊಳ್ಳಬೇಡಿ. ಎದುರು ಕೂತು ಓದಿ ಕೇಳಿದಾಗ ಜನ ತಮ್ಮ ಕಷ್ಟವನ್ನು, ಅದರಲ್ಲೂ ಮನಸ್ಸಿನ ಕಷ್ಟವನ್ನು ಕಮ್ಮಿ ಹೇಳುವುದುಂಟು. ಸರ್ಕಾರಿ ಆಸ್ಪತ್ರೆಗಳಲ್ಲಿ ಓದಿ ಕೇಳುವುದೇ ದಾರಿ, ಇರಲಿ. ಹಾಗಾದರೆ ಎಲ್ಲರನ್ನೂ ಹಾಗೇ ಕೇಳಿ. ಮೊದಲ ಸಲ ಓದಿ ಕೇಳಿ, 6 ತಿಂಗಳ ನಂತರ ಫೋನಿನಲ್ಲಿ ಕೇಳಿದರೆ ಆ ವ್ಯತ್ಯಾಸ ಆಪರೇಷನ್ನಿನದಾ ಫೋನಿನದಾ ಅಂತ ಹೇಳಲು ಬರುವುದಿಲ್ಲ. ಆಪರೇಷನ್ ಮಾಡಿದವರೇ ಕೇಳುವುದು ಬೇಡವೇ ಬೇಡ. ಅವರ ಮುಖ ನೋಡಿ ‘ಚೆನ್ನಾಗಿದೆ ಸಾರ್’ ಅನ್ನದವರು ಕಮ್ಮಿ.

ಜೊತೆಗೆ ಬಂದ ಮಗ, ಸೊಸೆ ಉತ್ತರ ಹೇಳಲು ಶುರು ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮೆಟ್ಟಿಲು ಹತ್ತುವುದು ಬೇರೆಯವರಿಗೆ ಕಾಣುತ್ತದೆ, ನೋವು ಮತ್ತು ಬೇಸರ ಕಾಣುವುದಿಲ್ಲ. ರೋಗಿಯೇ ಹೇಳಲಿ. ಮಾತಾಡಲು ಆಗದ ಸ್ಥಿತಿ ಇದ್ದರೆ ಮನೆಯವರು ಹೇಳಿದ್ದು ಅಂತ ಬೇರೆ ಗುರುತು ಹಾಕಿ. ಇಕ್ಯೂ-5ಡಿಗೆ ಅದಕ್ಕಾಗಿಯೇ ಬೇರೆ ನಮೂನೆ ಇದೆ.

ಅಂಕಿಅಂಶದಲ್ಲಿ ನೋಡಬೇಕಾದ್ದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ವಿಭಾಗದ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಕ್ರಾನ್‌ಬ್ಯಾಕ್ ಆಲ್ಫಾ 0.70ರಿಂದ 0.95ರ ನಡುವೆ ಇರಲಿ. 0.95 ದಾಟಿದರೆ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಿದ್ದೀರಿ ಅಂತ ಅರ್ಥ. ಆಲ್ಫಾ ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ಪ್ರಶ್ನಾವಳಿ ಅಳೆಯಬೇಕಾದ್ದನ್ನೇ ಅಳೆಯುತ್ತಿದೆ ಅಂತಲ್ಲ. ಸ್ಥಿತಿ ಬದಲಾಗದವರನ್ನು ಒಂದೆರಡು ವಾರ ಬಿಟ್ಟು ಮತ್ತೆ ಕೇಳಿದಾಗ ಉತ್ತರ ಹೊಂದಬೇಕು. ಅದಕ್ಕೆ ಕನಿಷ್ಠ 50 ಜನ ಇರಲಿ. ಬದಲಾವಣೆ ಎಷ್ಟಾದರೆ ರೋಗಿಗೆ ಅದು ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮುಂಚೆಯೇ ತಿಳಿದಿರಿ. ಆಕ್ಸ್‌ಫರ್ಡ್‌ನಲ್ಲಿ ಎರಡು ಗುಂಪುಗಳನ್ನು ಹೋಲಿಸುವಾಗ ಸುಮಾರು 5 ಅಂಕದ ವ್ಯತ್ಯಾಸವನ್ನು ಹಾಗೆ ಎಣಿಸುತ್ತಾರೆ. 2 ಅಂಕದ ವ್ಯತ್ಯಾಸಕ್ಕೆ ಪಿ ಮೌಲ್ಯ 0.05ಕ್ಕಿಂತ ಕಮ್ಮಿ ಬಂದರೂ (ಅಂದರೆ ವ್ಯತ್ಯಾಸ ಬರೀ ಆಕಸ್ಮಿಕ ಇರಲಾರದು ಅಂತ ಲೆಕ್ಕ ಹೇಳಿದರೂ) ರೋಗಿಗೆ ಏನೂ ಗೊತ್ತಾಗಿರುವುದಿಲ್ಲ.

ಪ್ರಶ್ನಾವಳಿಗಳನ್ನು ತೂಗಿ ನೋಡಲು ಕಾಸ್ಮಿನ್ ಎಂಬ ಅಂತರರಾಷ್ಟ್ರೀಯ ತಂಡದ ಮಾನದಂಡ ಇದೆ. ಅವರೂ ಮೊದಲ ಸ್ಥಾನ ಕೊಟ್ಟಿರುವುದು ಪ್ರಶ್ನೆಗಳು ರೋಗಿಗೆ ಸಂಬಂಧಪಟ್ಟಿವೆಯಾ, ಯಾವುದೂ ಬಿಟ್ಟುಹೋಗಿಲ್ಲವಾ, ಅರ್ಥವಾಗುತ್ತವಾ ಅನ್ನುವುದಕ್ಕೆ.

ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2004ರಲ್ಲಿ ಶುರು ಮಾಡಿದ ಪ್ರಾಮಿಸ್ ಎಂಬ ಅಳತೆ ವ್ಯವಸ್ಥೆಯ ಬಗ್ಗೆಯೂ ಕೇಳಿರುತ್ತೀರಿ. ದೊಡ್ಡ ಪ್ರಶ್ನೆ ಭಂಡಾರ ಇರುತ್ತದೆ. ನೀವು ಕೊಟ್ಟ ಉತ್ತರ ನೋಡಿ ಕಂಪ್ಯೂಟರು ಮುಂದಿನ ಪ್ರಶ್ನೆ ಆರಿಸುತ್ತದೆ. ಕಿಲೋಮೀಟರು ನಡೆಯುತ್ತೇನೆ ಅಂದವರಿಗೆ ಹಾಸಿಗೆಯಿಂದ ಏಳುವುದನ್ನು ಕೇಳುವುದಿಲ್ಲ. ನಾಲ್ಕರಿಂದ ಹನ್ನೆರಡು ಪ್ರಶ್ನೆಗಳಲ್ಲಿ ನಿಖರ ಅಂಕ ಬರುತ್ತದೆ. ಮುಂದಿನ ದಾರಿ ಇದೇ ಅಂತ ನನಗೂ ಅನಿಸುತ್ತದೆ. ಆದರೆ ಭಂಡಾರದ ಪ್ರತಿ ಪ್ರಶ್ನೆಯೂ ನಮ್ಮ ಜನರಲ್ಲಿ ಅದೇ ಕಷ್ಟಮಟ್ಟದಲ್ಲಿ ಕೆಲಸ ಮಾಡುತ್ತದೆ ಅಂತ ತೋರಿಸಬೇಕು. ಕುರ್ಚಿಯಿಂದ ಏಳುವುದು, ನೆಲದಿಂದ ಏಳುವುದು ಇವುಗಳ ಸ್ಥಾನ ಇಲ್ಲಿ ಬೇರೆಯೇ ಇರಬಹುದು. ಆ ಕೆಲಸ ಆಗುವವರೆಗೆ ಟ್ಯಾಬ್ ಇದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಆರಿಸಬೇಡಿ.

ಕೊನೆಗೆ ಎಥಿಕ್ಸ್ ಕಮಿಟಿಯವರು ಕೇಳದಿದ್ದರೂ ನೀವೇ ಬರೆದಿಡಬೇಕಾದ ವಿಷಯ ಒಂದಿದೆ. ಇಕ್ಯೂ-5ಡಿಯ ಐದನೇ ಪ್ರಶ್ನೆಗೆ ಯಾರಾದರೂ ‘ವಿಪರೀತ ಆತಂಕ ಅಥವಾ ಖಿನ್ನತೆ’ ಅಂದರೆ ಏನು ಮಾಡುತ್ತೀರಿ? ಗುರುತು ಹಾಕಿ ಕಡತಕ್ಕೆ ಸೇರಿಸಿ ಮನೆಗೆ ಕಳಿಸುವುದು ಸಲ್ಲದು. ಅದೇ ದಿನ ಯಾವ ಡಾಕ್ಟರಿಗೆ ತಿಳಿಸಬೇಕು, ಅವರು ರಜೆಯಲ್ಲಿದ್ದರೆ ಯಾರಿಗೆ, ಕೇಳುವ ಹುಡುಗ ಹುಡುಗಿಯರು ಆಗ ಏನು ಮಾತಾಡಬೇಕು, ಎಲ್ಲವನ್ನೂ ಮೊದಲೇ ಗೊತ್ತುಮಾಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಪ್ರಶ್ನಾವಳಿಯ ಜೊತೆ ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿ.